768 ಜಿಬಿ ಹಾಕಿದೆ, ತೋರಿಸುವುದು 93. ಎಂತ ಸಾವು ಮಾರಾಯ್ರೆ?

ತುಂಗಾತೀರ (ತೀರ್ಥಹಳ್ಳಿ), ಸೋಮವಾರ ರಾತ್ರಿ 10:40

ಮೂರು ದಿನದಿಂದ ತಲೆ ಕೆಟ್ಟುಹೋಗಿದೆ. ಹಳೇ ವರ್ಕ್‌ಸ್ಟೇಷನ್ ಒಂದು ತಗೊಂಡೆ. ಎರಡು ಕ್ವಿಂಟಲ್ ರಾಶಿ ಅಡಿಕೆಯ ದುಡ್ಡು ಅದಕ್ಕೇ ಹೋಯ್ತು. 16 ಜಿಬಿ ರ‍್ಯಾಮ್ ಆರು, 128 ಜಿಬಿಯದು ಆರು. ಬಯೋಸ್‌ನಲ್ಲಿ ಹನ್ನೆರಡೂ ಕಾಣುತ್ತವೆ. ಉಬುಂಟುಗೆ (ಲಿನಕ್ಸ್) ಬಂದು 'ಫ್ರೀ' ಕಮಾಂಡ್ ಹೊಡೆದರೆ ಬರೀ 93. ಉಳಿದ 768 ಎಲ್ಲಿಗೆ ಹೋಯ್ತು?

ತೋಟದ ಡ್ರೋನ್ ಫೋಟೊ 2,600 ಇವೆ. ಎಲೆಚುಕ್ಕಿ ಯಾವ ಮೂಲೆಯಿಂದ ಹಬ್ಬುತ್ತಿದೆ ಅಂತ ನೋಡೋಕೆ ಓಪನ್‌ಡ್ರೋನ್‌ಮ್ಯಾಪ್‌ನಲ್ಲಿ ನಕ್ಷೆ ಮಾಡಬೇಕು. ಮೆಮೊರಿ ಸಾಲದೆ ಅರ್ಧಕ್ಕೆ ಬಂದು 'ಕಿಲ್ಡ್' ಅಂತ ನಿಲ್ಲುತ್ತದೆ. ರೀಇನ್‌ಸ್ಟಾಲ್ ಮಾಡಿ ಅನ್ನಬೇಡಿ, ಎರಡು ಸಲ ಆಯ್ತು.

ಹಳೇಸಂತೆ (ಶಿವಮೊಗ್ಗ), 10:58

ಕಾಂಟ್ಯಾಕ್ಟ್. ಬೇರೆ ಏನೂ ಅಲ್ಲ. ನಿಮ್ಮ ಕಡೆ ಮಳೆಗಾಲದಲ್ಲಿ ಚಪ್ಪಲಿಗೇ ಬೂಷ್ಟು ಹಿಡಿಯುತ್ತದೆ, ರ‍್ಯಾಮ್ ಬಿಡುತ್ತಾ? ಪೆನ್ಸಿಲ್ ಅಳಿಸೋ ರಬ್ಬರ್ ತಗೊಂಡು ಚಿನ್ನದ ಕಾಲುಗಳನ್ನು ಉಜ್ಜಿ. ಇಪ್ಪತ್ತು ವರ್ಷದಿಂದ ರಿಪೇರಿ ಮಾಡ್ತಾ ಇದ್ದೇನೆ.

ತುಂಗಾತೀರ, 11:35

ಉಜ್ಜಿದೆ. ಹನ್ನೆರಡನ್ನೂ. 93.

ಹಳೇಸಂತೆ, 11:41

ಸ್ಲಾಟ್ ಒಳಗೂ ತೇವ ಇರುತ್ತೆ. ಹೇರ್ ಡ್ರೈಯರ್ ಹಿಡಿದು ನೋಡಿ. ಹತ್ತಿರ ಹಿಡಿಯಬೇಡಿ.

ಅಟ್ಟದಸರ್ವರ್ (ಹೊಸನಗರ), 11:50

ಹೇರ್ ಡ್ರೈಯರ್ ಯಾಕೆ, ಹೊಡತಲ ಒಲೆ ಪಕ್ಕ ಇಟ್ಟರೆ ಸಾಕು 😄 ನನ್ನ ಮೂರು ಸರ್ವರ್ ಅಟ್ಟದ ಮೇಲೇ ಇವೆ, ನಾಲ್ಕು ಮಳೆಗಾಲ ಕಂಡಿವೆ. ಹೆಂಚಿನ ಸಂದಿಯಿಂದ ತಣ್ಣನೆ ಗಾಳಿ, ಏಸಿ ಬೇಕಿಲ್ಲ. ಒಂದರಲ್ಲಿ 256 ಜಿಬಿ, ಇನ್ನೊಂದರಲ್ಲಿ ಎಂಟು ಡಿಸ್ಕ್‌ನ ಝಡ್‌ಎಫ್‌ಎಸ್ ಸ್ಟೋರೇಜ್. ಬೇಕಾದ್ರೆ ಫೋಟೊ ಹಾಕ್ತೇನೆ.

ತುಂಗಾತೀರ, ಮಂಗಳವಾರ ಬೆಳಗ್ಗೆ 7:15

ಡ್ರೈಯರ್ ಹಿಡಿದೆ. ಮನೆಯವಳ ಹತ್ತಿರ ಬೈಸಿಕೊಂಡೆ. 93.

ಕರ್ನಲ್‌ಕಡುಬು (ಸಾಗರ), 8:02

ಒಂದು ನಿಮಿಷ. 128 ಜಿಬಿಯ ಕಡ್ಡಿ, ಅದೂ ಆ ದುಡ್ಡಿಗೆ ಆರು? ಅದರ ಮೇಲಿನ ಚೀಟಿಯಲ್ಲಿ ಏನಿದೆ ಅಂತ ಅಕ್ಷರ ಬಿಡದೆ ಹೇಳಿ. ಪ್ರೊಸೆಸರ್ ಯಾವುದು? ಕರ್ನಲ್, ಅಂದ್ರೆ ಓಎಸ್‌ನ ತಿರುಳು, ಎಷ್ಟನೇ ವರ್ಷನ್?

ತುಂಗಾತೀರ, 8:20

ರ‍್ಯಾಮ್ ಅಂದ್ರೆ ರ‍್ಯಾಮ್ ಅಲ್ವಾ ಅಕ್ಕ? ಚೀಟಿಯಲ್ಲಿ ಎನ್‌ಎಂಎ1ಎಕ್ಸ್‌ಬಿಡಿ128ಜಿಕ್ಯೂಎಸ್ ಅಂತಿದೆ. ಕೆಳಗೆ ಸಣ್ಣಕ್ಕೆ ಆಪ್ಟೇನ್. ಪ್ರೊಸೆಸರ್ ಝಿಯಾನ್ ಗೋಲ್ಡ್ 6230, ಒಂದೇ. ಉಬುಂಟು 20.04, ಕರ್ನಲ್ 5.4.

ಕರ್ನಲ್‌ಕಡುಬು, 8:31

ಇದನ್ನು ನಿನ್ನೆಯೇ ಹೇಳಿದ್ದರೆ ಡ್ರೈಯರ್ ಉಳೀತಿತ್ತು.

ಅದು ಮಾಮೂಲಿ ರ‍್ಯಾಮ್ ಅಲ್ಲ. ಇಂಟೆಲ್‌ನ ಪರ್ಸಿಸ್ಟೆಂಟ್ ಮೆಮೊರಿ, 2019ರಲ್ಲಿ ಬಂದದ್ದು. ರ‍್ಯಾಮ್ ಸ್ಲಾಟ್‌ನಲ್ಲೇ ಕೂರುತ್ತದೆ, ಆದರೆ ಕರೆಂಟ್ ಹೋದರೂ ಒಳಗಿನದು ಉಳಿಯುತ್ತದೆ. 2022ರ ಜುಲೈನಲ್ಲಿ ಆಪ್ಟೇನ್ ಧಂದೆಯನ್ನೇ ನಿಲ್ಲಿಸುತ್ತೇವೆ ಅಂದರು. ಅದಕ್ಕೇ ಈಗ ಸೆಕೆಂಡ್ ಹ್ಯಾಂಡ್‌ನಲ್ಲಿ ಅಗ್ಗ. ನಿಮ್ಮ 6230ಗೆ ಅದು ಒಗ್ಗುತ್ತದೆ, ಪುಣ್ಯ. ಹಿಂದಿನ ತಲೆಮಾರಿನ ಝಿಯಾನ್ ಆಗಿದ್ದರೆ ಏನೂ ಮಾಡೋ ಹಾಗಿರಲಿಲ್ಲ.

ಈಗ ಅವು 'ಆ್ಯಪ್ ಡೈರೆಕ್ಟ್' ಮೋಡ್‌ನಲ್ಲಿವೆ. ಅಂದ್ರೆ ಓಎಸ್ ಕಣ್ಣಿಗೆ ಅದು ಬೇರೆ ಒಂದು ಡಿವೈಸ್. ರ‍್ಯಾಮ್ ಲೆಕ್ಕಕ್ಕೆ ಸೇರಿಸಿಲ್ಲ.

ಹಳೇಸಂತೆ, 8:50

ಏನೇ ಇರಲಿ, ಉಜ್ಜಿದ್ದು ವೇಸ್ಟ್ ಅಲ್ಲ.

ಅಟ್ಟದಸರ್ವರ್, 9:05

ಬಯೋಸ್‌ನಲ್ಲಿ 'ಮೆಮೊರಿ ಮೋಡ್' ಹಾಕಿ, ರೀಬೂಟ್ ಮಾಡಿ, ಮುಗೀತು. ಓಎಸ್‌ಗೆ ಹೇಳೋದೇ ಬೇಡ.

ಕರ್ನಲ್‌ಕಡುಬು, 9:22

ಆಗ ನಿಮ್ಮ 96 ಜಿಬಿ ಮಾಯ ಆಗುತ್ತದೆ. ಆ ಡಿ-ರ‍್ಯಾಮ್ (ನಿಮ್ಮ ಮಾಮೂಲಿ ರ‍್ಯಾಮ್) ಪೂರ್ತಿ ಆಪ್ಟೇನ್‌ಗೆ ಕ್ಯಾಶ್ (ಬೇಗ ಸಿಗಲಿ ಅಂತ ನಕಲು ಇಡೋ ಜಾಗ) ಆಗಿಬಿಡುತ್ತದೆ, ಲೆಕ್ಕದಲ್ಲಿ ಬರೀ 768 ಕಾಣುತ್ತದೆ. ಅದೂ ಡೈರೆಕ್ಟ್ ಮ್ಯಾಪ್ಡ್ ಕ್ಯಾಶ್, ಪ್ರತಿ ತುಣುಕಿಗೂ ಅದರಲ್ಲಿ ಒಂದೇ ಜಾಗ. ಒಂದೇ ಜಾಗಕ್ಕೆ ಪದೇ ಪದೇ ಬೇಕಾಗೋ ಎರಡು ಪೇಜ್ (ಮೆಮೊರಿ ತುಣುಕು) ಬಂದರೆ ಒಂದನ್ನೊಂದು ತಳ್ಳುತ್ತಾ ಇರುತ್ತವೆ. ಅದರಲ್ಲಿ ಓಎಸ್ ಕೈ ಹಾಕೋ ಹಾಗಿಲ್ಲ.

ಅಟ್ಟದಸರ್ವರ್, 9:30

ಮನೇಲಿ ನಕ್ಷೆ ಮಾಡೋರಿಗೆ ಇಷ್ಟೆಲ್ಲ ಯಾಕೆ ಅಕ್ಕ. ಡಿ-ರ‍್ಯಾಮ್‌ಗೂ ಆಪ್ಟೇನ್‌ಗೂ 1:8 ಇದೆ, ಇಂಟೆಲ್ ಹೇಳಿದ 1:4ರಿಂದ 1:16ರ ಒಳಗೇ ಬರುತ್ತೆ. ನಡೆಯುತ್ತೆ.

ಕರ್ನಲ್‌ಕಡುಬು, 9:34

ನಡೆಯುತ್ತೆ. ಓಡಲ್ಲ.

ತುಂಗಾತೀರ, 9:40

ಇಬ್ಬರೂ ಜಗಳ ಆಮೇಲೆ ಆಡಿ. ಕರೆಂಟ್ ಹೋದ್ರೂ ಉಳಿಯುತ್ತೆ ಅಂದ್ರಲ್ಲ, ಹಾಗಾದ್ರೆ ಯುಪಿಎಸ್ ಬೇಡವಾ? ಇಲ್ಲಿ ಗಾಳಿ ಬೀಸಿದ್ರೆ ಕರೆಂಟ್ ಇಲ್ಲ.

ಕರ್ನಲ್‌ಕಡುಬು, 10:10

ಬೇಕೇ ಬೇಕು. ರ‍್ಯಾಮ್ ಥರ ಬಳಸಿದರೆ ಕರ್ನಲ್ ಅದನ್ನು ರ‍್ಯಾಮ್ ಅಂತಲೇ ನೋಡುತ್ತದೆ. ರೀಬೂಟ್ ಆದಮೇಲೆ ಹಳೇದನ್ನು ಹುಡುಕೋಕೆ ಹೋಗಲ್ಲ.

ಹೀಗೆ ಮಾಡಿ. ಎನ್‌ಡಿಸಿಟಿಎಲ್ ಕಮಾಂಡ್‌ನಲ್ಲಿ ಒಂದು ಡೆವ್‌ಡ್ಯಾಕ್ಸ್ ನೇಮ್‌ಸ್ಪೇಸ್ (ಆಪ್ಟೇನ್‌ನಲ್ಲಿ ಗುರುತು ಮಾಡಿದ ಭಾಗ) ಮಾಡಿ. ಆರೂ ಸೇರಿ ಒಂದೇ ರೀಜನ್ ಇರಬೇಕು. ಆಮೇಲೆ ಡ್ಯಾಕ್ಸ್‌ಸಿಟಿಎಲ್‌ನಲ್ಲಿ ರೀಕಾನ್ಫಿಗರ್ ಡಿವೈಸ್, ಮೋಡ್ ಸಿಸ್ಟಮ್-ರ‍್ಯಾಮ್. ಆಗ ಅದು ರ‍್ಯಾಮ್ ಲೆಕ್ಕಕ್ಕೆ ಸೇರುತ್ತದೆ. ಲಿನಕ್ಸ್ 5.1ರಿಂದ ಇದು ಇದೆ. ನ್ಯೂಮಾಸಿಟಿಎಲ್‌ನಲ್ಲಿ ಸಿಪಿಯು ಇಲ್ಲದ ಹೊಸ ನೋಡ್ (ಮೆಮೊರಿಯ ಗುಂಪು) ಕಂಡರೆ ಆಯ್ತು. ಹಳೇ ಮಾಲೀಕರ ಡೇಟಾ ಅದರಲ್ಲಿದ್ದರೆ ಹೋಗುತ್ತದೆ.

ಇನ್ನೊಂದು. ಪ್ರತಿ 4 ಕೆಬಿ ಪೇಜ್‌ಗೂ ಕರ್ನಲ್ 64 ಬೈಟ್ ಲೆಕ್ಕ ಬರೆದಿಟ್ಟುಕೊಳ್ಳುತ್ತದೆ. 768 ಜಿಬಿಗೆ ಅದೇ 12 ಜಿಬಿ. ಸುಮ್ನೆ ಬಿಟ್ಟರೆ ಅದು ನಿಮ್ಮ ಡಿ-ರ‍್ಯಾಮ್‌ನಿಂದಲೇ ಹೋಗುತ್ತದೆ.

ತುಂಗಾತೀರ, ಬುಧವಾರ ರಾತ್ರಿ 9:15

ಕಂಡಿತು! ನೋಡ್ 1, ದೂರ (ಸಿಪಿಯುನಿಂದ ತಲುಪೋಕೆ ಎಷ್ಟು ನಿಧಾನ ಅನ್ನೋ ಅಂಕೆ) 17 ಅಂತ ತೋರಿಸುತ್ತಿದೆ. ಎಂಟುನೂರಕ್ಕೂ ಜಾಸ್ತಿ ಜಿಬಿ. ಕಿಲ್ಡ್ ಆಗ್ತಾ ಇಲ್ಲ.

ಆದರೆ ಆಮೆ. ಮೊದಲು 900 ಫೋಟೊ ಎರಡೂವರೆ ಗಂಟೆಯಲ್ಲಿ ಮುಗಿಯುತ್ತಿತ್ತು. ಈಗ 2,600 ಹಾಕಿ ಹದಿನಾರು ಗಂಟೆ ಆಯ್ತು, ಇನ್ನೂ ಅರ್ಧ.

ಹಳೇಸಂತೆ, 9:20

ವೋಲ್ಟೇಜ್ ನೋಡಿದ್ರಾ?

ಕರ್ನಲ್‌ಕಡುಬು, 9:48

ವೋಲ್ಟೇಜ್ ಬಿಡಿ ಅಣ್ಣ, ಕಾಲಿಗೆ ಬೀಳ್ತೇನೆ.

ಡಿ-ರ‍್ಯಾಮ್‌ನಿಂದ ಓದೋಕೆ ಸುಮಾರು 80 ನ್ಯಾನೊಸೆಕೆಂಡ್. ಆಪ್ಟೇನ್‌ನಲ್ಲಿ ಅಲ್ಲೊಂದು ಇಲ್ಲೊಂದು ಓದಿದರೆ 300. ಒಟ್ಟಿಗೆ ತುಂಬಾ ಬರೆಯೋದಾದರೆ ಇನ್ನೂ ನಿಧಾನ. ಕರ್ನಲ್ ಏನು ಮಾಡ್ತಾ ಇದೆ ಅಂದ್ರೆ, ಮೊದಲು ನೋಡ್ 0, ಅಂದ್ರೆ ಡಿ-ರ‍್ಯಾಮ್, ತುಂಬಿಸಿತು. ನಿಮ್ಮ ಫೋಟೊ ಓದಿದಾಗ ಇಟ್ಟುಕೊಂಡ ನಕಲು (ಪೇಜ್ ಕ್ಯಾಶ್) ಎಲ್ಲ ಅಲ್ಲೇ ಕೂತಿದೆ. ಆಮೇಲೆ ಬಂದದ್ದೆಲ್ಲ ನೋಡ್ 1ಕ್ಕೆ, ಅಂದ್ರೆ ಆಪ್ಟೇನ್‌ಗೆ. ಅಡುಗೆಮನೆ ತುಂಬಿದ ಮೇಲೆ ತಂದ ಸಾಮಾನು ಅಟ್ಟಕ್ಕೆ ಹೋದ ಹಾಗೆ. ಹೋದ ವರ್ಷದ ಅಪ್ಪೆಮಿಡಿ ಭರಣಿ ಒಲೆ ಪಕ್ಕ, ದಿನಾ ಬೇಕಾದ ಉಪ್ಪು ಅಟ್ಟದಲ್ಲಿ. ಪ್ರತಿ ಸಲ ಏಣಿ ಹತ್ತಬೇಕು.

ಭರಣಿಯನ್ನು ಮೇಲಕ್ಕೆ ಸಾಗಿಸೋ ಕೆಲಸ, ಅಂದ್ರೆ ಡಿಮೋಷನ್, ಲಿನಕ್ಸ್‌ಗೆ ಬಂದದ್ದು 5.15ರಲ್ಲಿ. ಉಪ್ಪನ್ನು ಕೆಳಗೆ ತರೋದು, ಅಂದ್ರೆ ಪ್ರಮೋಷನ್, 5.18ರಲ್ಲಿ. ನಿಮ್ಮದು 5.4. ಓಎಸ್ ಬದಲಿಸಿ.

ಅಟ್ಟದಸರ್ವರ್, 10:02

ಅಟ್ಟದ ಬಗ್ಗೆ ಹಗುರವಾಗಿ ಮಾತಾಡಬೇಡಿ. ಅಂದಹಾಗೆ ಇದೆಲ್ಲ ಹಳೇ ಕಾಲದ್ದು. ನಾನು ಮುಂದೆ ಮೆಮೊರಿ ಹೆಚ್ಚಿಸೋ ಸಿಎಕ್ಸ್‌ಎಲ್ ಕಾರ್ಡ್ ತರೋನು.

ಕರ್ನಲ್‌ಕಡುಬು, 10:06

ತನ್ನಿ. ಅದೂ ಸಿಪಿಯು ಇಲ್ಲದ ನೋಡ್ ಆಗಿಯೇ ಬರುತ್ತದೆ. ಇದೇ ಕರ್ನಲ್ ಕೋಡ್, ಇದೇ ತಲೆನೋವು.

ತುಂಗಾತೀರ, ಶುಕ್ರವಾರ ಸಂಜೆ 6:30

24.04 ಹಾಕಿದೆ, ಕರ್ನಲ್ 6.8. ಡಿಮೋಷನ್, ಪ್ರಮೋಷನ್ ಎರಡೂ ಆಫ್ ಇದ್ದವು. ಡಿಮೋಷನ್ ಎನೇಬಲ್ಡ್ ಫೈಲ್‌ಗೆ 1, ಪ್ರಮೋಷನ್ ಮಾಡೋ ನ್ಯೂಮಾ ಬ್ಯಾಲೆನ್ಸಿಂಗ್‌ಗೆ ಅಕ್ಕ ಫೋನಿನಲ್ಲಿ ಹೇಳಿದ ಹಾಗೆ 2. ವಿಎಂಸ್ಟ್ಯಾಟ್ ಫೈಲ್‌ನಲ್ಲಿ ಪಿಜಿ-ಪ್ರಮೋಟ್ ಸಕ್ಸೆಸ್ ಅಂತ ಒಂದು ಸಾಲಿದೆ, ಮೀಟರ್ ಬಡ್ಡಿಯ ಹಾಗೆ ಏರುತ್ತಿದೆ. ಈ ಸಲ ಮಧ್ಯಾಹ್ನ ಶುರು ಮಾಡಿದ್ದು ಆಗಲೇ ಅರ್ಧ ದಾಟಿದೆ.

ತುಂಗಾತೀರ, ರಾತ್ರಿ 8:10

ಲೈನ್ ಮೇಲೆ ಮರ ಬಿತ್ತು. ಯುಪಿಎಸ್ ಇಪ್ಪತ್ತು ನಿಮಿಷ ಎಳೀತು.

ತುಂಗಾತೀರ, ಶನಿವಾರ ಬೆಳಗ್ಗೆ 11:00

ಕರೆಂಟ್ ಬಂತು. ಮತ್ತೆ 93!!

ಕರ್ನಲ್‌ಕಡುಬು, 11:25

ಗಾಬರಿ ಬೇಡ. ನೇಮ್‌ಸ್ಪೇಸ್ ಅಲ್ಲೇ ಇದೆ. ಸಿಸ್ಟಮ್-ರ‍್ಯಾಮ್ ಮಾಡಿದ್ದು, ಆ 1, ಆ 2, ಮೂರೂ ರೀಬೂಟ್‌ಗೆ ಹೋಗುತ್ತವೆ. ಬೂಟ್ ಆಗುವಾಗ ಈ ಮೂರನ್ನೂ ಹೊಡೆಯೋ ಸಿಸ್ಟಮ್‌ಡಿ ಸರ್ವಿಸ್ ಬರೆದಿಡಿ.

ಹೊಸಬ_ಭದ್ರಾವತಿ, 12:40

ನಮಸ್ಕಾರ. ನನ್ನ ಲ್ಯಾಪ್‌ಟಾಪ್‌ಗೆ 8 ಜಿಬಿ ಮತ್ತು 16 ಜಿಬಿ ಬೇರೆ ಬೇರೆ ಕಂಪನಿಯದು ಹಾಕಿದ್ದೇನೆ. ನಾನೂ ಆ 2 ಹಾಕಬೇಕಾ?

ಕರ್ನಲ್‌ಕಡುಬು, 12:52

ಬೇಡ ತಮ್ಮಾ. ಎರಡೂ ಮಾಮೂಲಿ ರ‍್ಯಾಮ್, ಒಂದೇ ನೋಡ್. ಬಹುತೇಕ 8 ಮತ್ತು 8 ಜೋಡಿಯಾಗಿ ಡ್ಯುಯಲ್ ಚಾನೆಲ್‌ನಲ್ಲಿ ಓಡುತ್ತವೆ, ಉಳಿದ 8 ಒಂಟಿ. ಓಎಸ್‌ಗೆ ಇದರಲ್ಲಿ ಕೆಲಸ ಇಲ್ಲ.

ಹಳೇಸಂತೆ, 1:05

ತೋರಿಸದೆ ಇದ್ದರೆ ಹೇಳು, ರಬ್ಬರ್ ಇದೆ.

ತುಂಗಾತೀರ, ಭಾನುವಾರ ಬೆಳಗ್ಗೆ 6:50

ಮುಗಿಯಿತು. ಒಂಬತ್ತೂ ಮುಕ್ಕಾಲು ಗಂಟೆ. ತೋಟ ಪೂರ್ತಿ ಬಂದಿದೆ, ಮೂಡುಗಡೆ ಹಳ್ಳದ ಹತ್ತಿರ ಮಾತ್ರ ನಕ್ಷೆ ಹರಿದ ಹಾಗಿದೆ. ಅವತ್ತು ಅಲ್ಲಿ ಮಂಜು ಇತ್ತು. ಎಲೆಚುಕ್ಕಿ ಇರೋದೂ ಅಲ್ಲೇ ಅಂತ ನನ್ನ ಅನುಮಾನ. ಅದಕ್ಕೆ ಬೇರೆ ಥ್ರೆಡ್ ಹಾಕ್ತೇನೆ.