ಸಿಐ ಬಿಲ್ಡ್ ಒಮ್ಮೆ ಪಾಸ್, ಒಮ್ಮೆ ಫೇಲ್: ಯಾರಾದ್ರೂ ದಾರಿ ತೋರಿಸಿ

ಕಣಜ_ಗಂಗಾವತಿ:
ರೈಸ್ ಮಿಲ್‌ಗಳಿಗೆ ಮಾಡಿಕೊಟ್ಟ ತೂಕ-ಬಿಲ್ಲಿಂಗ್ ಸಾಫ್ಟ್‌ವೇರ್ ನಮ್ಮದು. ಹಳೇ ಜಾವಾ ಕೋಡ್. ಸಿಐಗೆ, ಅಂದರೆ ಕೋಡ್ ಕಳಿಸಿದಾಗ ತಾನಾಗೇ ಬಿಲ್ಡ್ ಮಾಡಿ ಟೆಸ್ಟ್ ಓಡಿಸೋದಕ್ಕೆ, ಗಿಟ್‌ಹಬ್ ಆಕ್ಷನ್ಸ್ ಹಾಕಿದ ಮೇಲೆ ತಲೆ ಕೆಟ್ಟುಹೋಗಿದೆ. ಅದೇ ಕಮಿಟ್ (ಉಳಿಸಿದ ಕೋಡ್) ಒಮ್ಮೆ ಪಾಸ್ ಆಗುತ್ತದೆ, ಇನ್ನೊಮ್ಮೆ ಫೇಲ್. ನನ್ನ ಲ್ಯಾಪ್‌ಟಾಪ್‌ನಲ್ಲಿ ಯಾವತ್ತೂ ಫೇಲ್ ಆಗಿಲ್ಲ. ಸುಗ್ಗಿಗೆ ಮುಂಚೆ ಹೊಸ ವರ್ಷನ್ ಕೊಡಲೇಬೇಕು.

ಜೆಂಕಿನ್ಸ್_ಬಳ್ಳಾರಿ:
ಮೆಮೊರಿ ಸಾಲುತ್ತಿಲ್ಲ, ಬರೆದಿಟ್ಟುಕೊಳ್ಳಿ. ಬಿಲ್ಡ್ ಮಾಡೋ ಗ್ರೇಡಲ್ ಒಂದು ಕಡೆ, ಟೆಸ್ಟ್ ಓಡಿಸೋ ಜಾವಾ ಎಂಜಿನ್ ಜೆವಿಎಂ ಇನ್ನೊಂದು ಕಡೆ ರ್‍ಯಾಮ್ ತಿನ್ನುತ್ತವೆ. ಕೊನೆಗೆ ಲಿನಕ್ಸ್ ಒಂದನ್ನು ಕೊಲ್ಲುತ್ತದೆ. ಹೀಪ್‌ಗೆ, ಅಂದರೆ ಜಾವಾ ಬಳಸೋ ಮೆಮೊರಿಗೆ, ಮಿತಿ ಹಾಕಿ.

ರನ್ನರ್_ರಾಯಚೂರು:
ಬಿಲ್ಡ್ ನಿಂತಾಗ ಬರೋ ಎಕ್ಸಿಟ್ ಕೋಡ್ ಎಷ್ಟು? ಮೆಮೊರಿ ಸಾಲದೆ ಪ್ರೋಸೆಸ್ ಸತ್ತಿದ್ದರೆ ಸಾಮಾನ್ಯವಾಗಿ 137 ಬರುತ್ತದೆ.

ಕಣಜ_ಗಂಗಾವತಿ:
1 ಬರುತ್ತಿದೆ. ಹೀಪ್ ಬದಲಾಯಿಸಿದೆ, ಮತ್ತೆ ಫೇಲ್.

ಜೆಂಕಿನ್ಸ್_ಬಳ್ಳಾರಿ:
ಇನ್ನೂ ಕಡಿಮೆ ಮಾಡಿ. ಪ್ಯಾರಲಲ್ ಟೆಸ್ಟ್ ನಿಲ್ಲಿಸಿ. ಬಾಡಿಗೆ ಮಷಿನ್ ನಂಬಿದರೆ ಇದೇ ಗೋಳು. ನಾನು ಮನೆಯಲ್ಲೇ ಸಿಐ ನಡೆಸೋ ಜೆಂಕಿನ್ಸ್ ಸರ್ವರ್ ಇಟ್ಟಿದ್ದೇನೆ. 32 ಜಿಬಿ ರ್‍ಯಾಮ್, ಇನ್ವರ್ಟರ್ ಬ್ಯಾಕಪ್. ಬಳ್ಳಾರಿ ಬಿಸಿಲಿಗೆ ಅಂತ ಫ್ಯಾನ್ ಬೇರೆ ಜಾಸ್ತಿ ಹಾಕಿಸಿದ್ದೇನೆ. ಏಪ್ರಿಲ್‌ನಲ್ಲೂ ನಿಂತಿಲ್ಲ.

ಕೋಡು_ಕೊಪ್ಪಳ:
ಒಂದು ಬಿಲ್ಲಿಂಗ್ ಸಾಫ್ಟ್‌ವೇರ್‌ಗೆ ಮನೆಯಲ್ಲಿ ಸರ್ವರ್ ಯಾಕೆ? ಪ್ಲಗಿನ್ ಅಪ್‌ಡೇಟ್ ಮಾಡೋದೇ ಒಂದು ಉದ್ಯೋಗ ಆಗುತ್ತದೆ.

ಜೆಂಕಿನ್ಸ್_ಬಳ್ಳಾರಿ:
ಬಳಸದೇ ಇದ್ದವರ ಮಾತಿದು. 2011ರಲ್ಲಿ ಹಡ್ಸನ್ ಅನ್ನೋ ಸಾಫ್ಟ್‌ವೇರ್‌ನಿಂದ ಬೇರೆಯಾಗಿ ಜೆಂಕಿನ್ಸ್ ಇವತ್ತಿಗೂ ಗಟ್ಟಿಯಾಗಿ ನಿಂತಿದೆ.

ರನ್ನರ್_ರಾಯಚೂರು:
ಆ ಜಗಳಕ್ಕೆ ಬೇರೆ ಥ್ರೆಡ್ ತೆಗೆಯಿರಿ. ಕಣಜ, ಫೇಲ್ ಆದ ಸಾಲು ಹಾಕಿ. ಬಿಲ್ಡ್ ಎಷ್ಟು ಗಂಟೆಗೆ ಓಡಿತು ಅಂತಲೂ ಹೇಳಿ.

ಕಣಜ_ಗಂಗಾವತಿ:
ರಸೀದಿ ಟೆಸ್ಟ್. ಎಕ್ಸ್‌ಪೆಕ್ಟೆಡ್: 2024-10-22, ಬಟ್ ವಾಸ್: 2024-10-21. ಹಗಲು ಪುಶ್ ಮಾಡಿದರೆ ಪಾಸ್. ರಾತ್ರಿ ಒಂದೂವರೆಯ ನೈಟ್ಲಿ ಬಿಲ್ಡ್ ಮಾತ್ರ ಫೇಲ್. ಗಂಟೆಗೂ ಇದಕ್ಕೂ ಏನು ಸಂಬಂಧ?

ರನ್ನರ್_ರಾಯಚೂರು:
ಅಲ್ಲೇ ಇದೆ ಎಲ್ಲಾ. ರನ್ನರ್, ಅಂದರೆ ಬಿಲ್ಡ್ ಓಡೋ ಗಿಟ್‌ಹಬ್ ಮಷಿನ್, ಅದರ ಗಡಿಯಾರ ಯುಟಿಸಿ ಅನ್ನೋ ವಿಶ್ವ ಸಮಯದಲ್ಲಿ ಓಡುತ್ತದೆ, ನಮಗಿಂತ ಐದೂವರೆ ಗಂಟೆ ಹಿಂದೆ. ನಮ್ಮಲ್ಲಿ ರಾತ್ರಿ 12 ದಾಟಿದರೂ ಬೆಳಗ್ಗೆ 5:30ರ ತನಕ ಅದಕ್ಕಿನ್ನೂ ನಿನ್ನೆ ತಾರೀಖು. ಟೆಸ್ಟ್ ಏಷ್ಯಾ/ಕೋಲ್ಕತಾ (ಭಾರತದ ಸಮಯ) ತಾರೀಖು ಕೇಳುತ್ತಿದೆ, ರಸೀದಿ ಕೋಡ್ ಬರೀ ಲೋಕಲ್‌ಡೇಟ್.ನೌ() ಕರೆದು ಮಷಿನ್‌ನ ತಾರೀಖನ್ನೇ ತಗೊಳ್ಳುತ್ತಿದೆ. ಅಲ್ವಾ?

ಕೋಡು_ಕೊಪ್ಪಳ:
ಗಿಟ್‌ಹಬ್ ಆಕ್ಷನ್ಸ್ ಸೆಟ್ಟಿಂಗ್ ಇರೋ ವರ್ಕ್‌ಫ್ಲೋ ಫೈಲ್‌ನ ಎನ್ವ್ ಕೆಳಗೆ, ಟೈಮ್‌ಝೋನ್ ಹೇಳೋ ಟಿಜೆಡ್: ಏಷ್ಯಾ/ಕೋಲ್ಕತಾ ಅಂತ ಹಾಕಿ. ಒಂದೇ ಸಾಲು, ಮುಗೀತು.

ಕಣಜ_ಗಂಗಾವತಿ:
ಹಾಕಿದೆ. ರಾತ್ರಿ ಬಿಲ್ಡೂ ಹಸಿರು! ಇಬ್ಬರಿಗೂ ಥ್ಯಾಂಕ್ಸ್.

ರನ್ನರ್_ರಾಯಚೂರು:
ಇಲ್ಲಿಗೇ ಬಿಡಬೇಡಿ. ಮಿಲ್‌ನವರು ಬಳಸೋ ಸರ್ವರ್ ಯಾವ ಟೈಮ್‌ಝೋನ್‌ನಲ್ಲಿದೆ? ಕ್ಲೌಡ್ ಮಷಿನ್ ಸಾಮಾನ್ಯವಾಗಿ ಯುಟಿಸಿಯಲ್ಲೇ ಬರುತ್ತದೆ. ಸುಗ್ಗಿಯಲ್ಲಿ ಭತ್ತದ ಲಾರಿಗಳು ರಾತ್ರಿಯೆಲ್ಲಾ ಕಾಟಾ ಮುಂದೆ ಸಾಲು ಹಚ್ಚುತ್ತವೆ. ಎರಡು ಗಂಟೆಗೆ ತೂಗಿದ ಲೋಡಿಗೆ ಹಿಂದಿನ ದಿನದ ತಾರೀಖು ಬಿದ್ದರೆ ರೈತನಿಗೆ ಸಿಗೋ ರೇಟೇ ಬದಲಾಗಬಹುದು. ಟೆಸ್ಟ್ ಹಿಡಿದಿರೋದು ನಿಜವಾದ ದೋಷ, ಟಿಜೆಡ್ ಸಾಲು ಅದನ್ನು ಮುಚ್ಚುತ್ತಿದೆ ಅಷ್ಟೇ. ರಸೀದಿ ಕ್ಲಾಸ್‌ಗೆ, ಸಮಯ ಹೇಳೋ ಜಾವಾದ ಕ್ಲಾಕ್ ಅನ್ನು ಹೊರಗಿನಿಂದ ಕೊಡಿ. ಟೆಸ್ಟ್‌ನಲ್ಲಿ ಕ್ಲಾಕ್.ಫಿಕ್ಸ್ಡ್ ಬಳಸಿ ಗಡಿಯಾರವನ್ನು ರಾತ್ರಿ 1:30ಕ್ಕೆ ನಿಲ್ಲಿಸಿ. ಆಗ ಹಗಲು ಓಡಿಸಿದರೂ ದೋಷ ಸಿಕ್ಕಿಬೀಳುತ್ತದೆ.

ಕೋಡು_ಕೊಪ್ಪಳ:
ಹಳೇ ಕೋಡ್‌ನಲ್ಲಿ ನೌ() ಎಲ್ಲೆಲ್ಲಿ ಕೂತಿದೆಯೋ. ಸುಗ್ಗಿ ಹೊಸ್ತಿಲಲ್ಲಿ ಅದನ್ನೆಲ್ಲಾ ಕೆದಕೋದು ಬೇಡ.

ರನ್ನರ್_ರಾಯಚೂರು:
ಎಲ್ಲಾ ಬೇಡ. ರಸೀದಿ, ದಿನದ ಲೆಕ್ಕ, ಎರಡೇ ಸಾಕು ಈಗ.

ಜೆಂಕಿನ್ಸ್_ಬಳ್ಳಾರಿ:
ನನ್ನ ಮಷಿನ್ ಐಎಸ್‌ಟಿಯಲ್ಲೇ ಇದೆ. ಬೇಕಾದರೆ ಜೆಂಕಿನ್ಸ್‌ಫೈಲ್ (ಅದರ ಬಿಲ್ಡ್ ಸೆಟ್ಟಿಂಗ್ ಫೈಲ್) ಕಳಿಸುತ್ತೇನೆ.

ಕಣಜ_ಗಂಗಾವತಿ:
ಮಿಲ್ ಸರ್ವರ್‌ನಲ್ಲಿ ಡೇಟ್ ಕಮಾಂಡ್ ಹೊಡೆದು ನೋಡಿದೆ. ಯುಟಿಸಿ ಅಂತಲೇ ಇದೆ. ಕೋಡ್ ಇವತ್ತೇ ಸರಿ ಮಾಡುತ್ತೇನೆ. ಆದರೆ ಹೋದ ಸುಗ್ಗಿಯ ರಸೀದಿಗಳ ಗತಿ? ಟೇಬಲ್‌ನಲ್ಲಿ ಬರೀ ತಾರೀಖಿದೆ, ಗಂಟೆ ಇಲ್ಲ. ರಾತ್ರಿಯ ರಸೀದಿ ಯಾವುವು ಅಂತ ಹುಡುಕೋದು ಹೇಗೆ?