ಹತ್ತದವರು, ಹತ್ತಲಾರದವರು, ಹತ್ತಲಾಗದವರು: ಬೋರ್ಡಿಗೆ ಯಾವುದು?

ಮಡಿಕೇರಿಯಿಂದ:

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಅರ್ಜೆಂಟು.

ಕಕ್ಕಬ್ಬೆ ಕಡೆ ನನ್ನ ಗೆಳತಿಯ ಹೋಂಸ್ಟೇ ಇದೆ. ಮನೆ ಹಿಂದಿನಿಂದ ಕಾಫಿ ತೋಟದೊಳಗೆ ಇಳಿದರೆ ಕೆಳಗೆ ತೊರೆ. ಇಳಿಯೋದಕ್ಕೆ ಕಲ್ಲಿನ ಮೆಟ್ಟಿಲು. ಮಳೆ ಹಿಡಿಯಿತೆಂದರೆ ಪಾಚಿ. ಸುತ್ತು ಬಳಸಿ ಜೀಪು ಹೋಗುವ ದಾರಿಯೂ ಇದೆ. ಅವಳ ಮಗ ಇಂಗ್ಲಿಷಿನಲ್ಲಿ ಮೂರು ಸಾಲು ಬರೆದಿಟ್ಟಿದ್ದಾನೆ:

'ಗೆಸ್ಟ್ಸ್ ಹೂ ಆರ್ ಅನೇಬಲ್ ಟು ಕ್ಲೈಂಬ್ ಸ್ಟೆಪ್ಸ್ ಮೇ ಯೂಸ್ ದ ಜೀಪ್ ಟ್ರ್ಯಾಕ್.'
'ಗೆಸ್ಟ್ಸ್ ಹೂ ಕೆನಾಟ್ ಸ್ವಿಮ್ ಮಸ್ಟ್ ನಾಟ್ ಎಂಟರ್ ದ ವಾಟರ್.'
'ಗೆಸ್ಟ್ಸ್ ಹೂ ಯೂಸ್ ವೀಲ್‌ಚೇರ್ಸ್, ಪ್ಲೀಸ್ ರಿಂಗ್ ದ ಬೆಲ್.'

ಕನ್ನಡ ನನ್ನ ತಲೆಗೆ ಬಂತು. ಪೇಂಟರ್ ಹಲಗೆಗೆ ಹಳದಿ ಬಳಿದು ಒಣಗಿಸಿಟ್ಟಿದ್ದಾನೆ, ಶನಿವಾರ ಬರೆಯುತ್ತಾನಂತೆ. ನನ್ನ ತೊಂದರೆ ಈ 'ಹೂ' ಶಬ್ದದ್ದು. 'ಮೆಟ್ಟಿಲು ಹತ್ತದವರು' ಅಂದರೆ ಸೋಮಾರಿಗಳು ಅಂದಂತಾಗುತ್ತದೆ. 'ಹತ್ತಲಾರದವರು' ಪುಸ್ತಕದ ವಾಸನೆ. 'ಹತ್ತಲಾಗದವರು' ಪರವಾಗಿಲ್ಲ, ಆದರೆ ಯಾಕೋ ಬೈದ ಹಾಗೆ ಕೇಳುತ್ತದೆ. 'ಯಾರಿಗೆ ಹತ್ತಲು ಸಾಧ್ಯವಿಲ್ಲವೋ ಅವರು' ಅಂತ ಬರೆದರೆ ಹಲಗೆ ಅಲ್ಲಿಗೇ ತುಂಬಿತು. ಇನ್ನೊಂದು ಮಾತು: ಇದು ಬರೀ ಅಂಗವಿಕಲರಿಗೆ ಅಂತಲ್ಲ. ಮಂಡಿ ನೋವಿನ ಅಜ್ಜಿ, ಬಸುರಿ ಹೆಂಗಸು, ಮಗು ಎತ್ತಿಕೊಂಡ ಅಪ್ಪ, ಎಲ್ಲರೂ ಸೇರಬೇಕು. ಏನು ಬರೆಸಲಿ?

ಮೈಸೂರಿನಿಂದ, ನಿವೃತ್ತ ಮೇಷ್ಟ್ರು:

ಹತ್ತಲಾರದವರು. ಇದರಲ್ಲಿ ಚರ್ಚೆಗೆ ಏನಿದೆ?

ಪುಸ್ತಕದ ವಾಸನೆ ಅಂದಿರಿ. 'ಆರ್' ಅಂದರೆ ಶಕ್ತನಾಗು ಅನ್ನೋ ಅಚ್ಚ ಕನ್ನಡ ಧಾತು. ಅದರ ಗೌರವದ ರೂಪವನ್ನು ನೋಡಬೇಕಾದರೆ 9ನೇ ಶತಮಾನದ ಕವಿರಾಜಮಾರ್ಗ ತೆಗೆಯಿರಿ. ಕನ್ನಡನಾಡಿನವರು ಹದವರಿತು ಮಾತಾಡಬಲ್ಲರು, ಆಡಿದ್ದನ್ನು ಅರಿತು ತೂಗಬಲ್ಲರು ಅನ್ನೋದಕ್ಕೆ ಅಲ್ಲಿ 'ಆರ್ಪರಾ ನಾಡವರ್ಗಳ್' ಅಂತ ಇದೆ. ಒಂದು ನಾಡಿನ ಜನರನ್ನೇ ಅವರ ಕೈಲಾಗುವುದರ ಮೇಲೆ ಗುರುತಿಸಿದ ಮಾತು ಅದು. ಅಲ್ಲಿ ಯಾವ 'ಹೂ' ಬೇಕಾಯಿತು? ಇವತ್ತು 'ಆರ್ಪರ್' ಸತ್ತಿದೆ. 'ಆರ'ದ್ದು ಮಾತ್ರ ಉಳಿದಿದೆ: ಬರಲಾರೆ, ಹೇಳಲಾರೆ, ಹತ್ತಲಾರದ. ಉಳಿದದ್ದನ್ನಾದರೂ ಬಳಸೋಣ. ಅದನ್ನೂ ಬಿಟ್ಟು ಪೇಂಟರ್ ಕೈಗೆ ಭಾಷೆ ಕೊಡಬೇಡಿ.

ಸೋಮವಾರಪೇಟೆಯಿಂದ:

ಮೇಷ್ಟ್ರೇ, ಧಾತು ಸರಿ. ಆದರೆ 'ಇವತ್ತು ಮಳೆ ಬರಲಾರದು' ಅಂತೀವಲ್ವಾ? ಅಲ್ಲಿ ಮಳೆಗೆ ಶಕ್ತಿ ಇಲ್ಲ ಅಂತ ಅರ್ಥವೇ? ಬರೋ ಲಕ್ಷಣ ಇಲ್ಲ ಅಂತ. 'ಮದುವೆಗೆ ಬರಲಾರೆ' ಅಂದರೆ ಬರೋದಿಲ್ಲ ಅಂತ, ಅಷ್ಟೇ. ನಿಮ್ಮ 'ಆರ್' ಊಹೆಗೂ ಒಲ್ಲದ ಮನಸ್ಸಿಗೂ ಜಾರಿಬಿಟ್ಟಿದೆ.

ಇಂಗ್ಲಿಷಿನವರ ಒಂದೇ 'ಕೆನಾಟ್' ನಮ್ಮಲ್ಲಿ ಎರಡೋ ಮೂರೋ ಆಗಿ ಒಡೆಯುತ್ತದೆ. ಕಲಿತದ್ದಕ್ಕೆ 'ಬರು': ಈಜು ಬರುತ್ತದೆ, ಕನ್ನಡ ಬರುತ್ತದೆ. ಮೈಗೆ, ಸಂದರ್ಭಕ್ಕೆ 'ಆಗು': ಹತ್ತೋಕೆ ಆಗಲ್ಲ. ತಿಳಿವಿಗೂ ಸಾಮರ್ಥ್ಯಕ್ಕೂ ಸೇರಿ 'ಬಲ್ಲ': ಈಜಬಲ್ಲವರು. ನನ್ನ ಅಜ್ಜಿ ಕಾವೇರಿ ದಡದಲ್ಲಿ ಬೆಳೆದವರು. ಅವರಿಗೆ ಈಜು ಬರುತ್ತದೆ, ಆದರೆ ಈಜೋಕೆ ಆಗುವುದಿಲ್ಲ. ಸೊಂಟ ಮುರಿದು 4 ವರ್ಷ ಆಯಿತು. ಎರಡನೇ ಸಾಲಿಗೆ 'ಈಜು ಬಾರದವರು ನೀರಿಗೆ ಇಳಿಯಬಾರದು' ಅಂತ ಹಾಕಿದಿರೋ, ಅಜ್ಜಿ ಬೋರ್ಡು ಓದಿ ಸೀದಾ ಇಳಿಯುತ್ತಾರೆ. ತಡೆಯೋಕೆ ನಿಮ್ಮ ಹತ್ತಿರ ವ್ಯಾಕರಣವೇ ಇರುವುದಿಲ್ಲ.

ಸುಮ್ನೆ ಇನ್ನೊಂದು: 'ಹತ್ತುವ', 'ಹತ್ತಿದ' ಅಂತ ಕಾಲಕ್ಕೆ ತಕ್ಕಂತೆ ಎರಡು ರೂಪ ಇದೆ. ಇಲ್ಲ ಅಂದಾಗ ಮಾತ್ರ 'ಹತ್ತದ' ಒಂದೇ. ನಿನ್ನೆ ಹತ್ತದವನು, ನಾಳೆ ಹತ್ತದವನು, ಎಂದೂ ಹತ್ತಲಾಗದವನು, ಎಲ್ಲರೂ ಅದೇ ಚೀಲದಲ್ಲಿ. ಕೇಳಿದ ಅಕ್ಕನಿಗೆ ಸೋಮಾರಿತನ ಕಂಡದ್ದು ಅಲ್ಲೇ.

ಮೈಸೂರಿನಿಂದ, ಮೇಷ್ಟ್ರು:

ಅಜ್ಜಿಗಾಗಿ ವ್ಯಾಕರಣ ಬದಲಿಸಲಾಗದು. (ಗಮನಿಸಿ, ನಾನೂ 'ಲಾಗದು' ಅಂದೆ.)

ಬೆಂಗಳೂರಿನಿಂದ, ಅನುವಾದದ ಕೆಲಸದವಳು:

ಸರ್ಕಾರಿ ಕಾಗದಗಳಲ್ಲಿ ಈ ಗೋಳು ದಿನಾ ಇದ್ದದ್ದೇ. ಇಂಗ್ಲಿಷಿನಲ್ಲಿ ಈಗ ಮನುಷ್ಯ ಮೊದಲು, ಕೊರತೆ ಆಮೇಲೆ ಅನ್ನೋ ಪಾಠ ಇದೆ. 'ದ ಬ್ಲೈಂಡ್' ಬೇಡ, 'ಪೀಪಲ್ ಹೂ ಆರ್ ಬ್ಲೈಂಡ್' ಅನ್ನಿ ಅಂತಾರೆ. ಅದು ಬೇಡ, ಬ್ಲೈಂಡ್ ಅಂತಲೇ ಕರೆಯಿರಿ ಅನ್ನೋ ಕುರುಡರೂ ಅಲ್ಲಿ ಇದ್ದಾರೆ. ಏನೇ ಇರಲಿ, ಆ ಜಗಳ ಕನ್ನಡಕ್ಕೆ ದಾಟುವುದೇ ಇಲ್ಲ. ನಮ್ಮಲ್ಲಿ ವಿಶೇಷಣ ಯಾವಾಗಲೂ ಮುಂದೆ, ಮನುಷ್ಯ ಹಿಂದೆ. 'ಕಣ್ಣು ಕಾಣದ ಜನ' ಅಂದರೂ ಕಣ್ಣೇ ಮೊದಲು. 'ಕಣ್ಣು' ಬಿಟ್ಟು 'ಕಾಣದವರು' ಅಂದರಂತೂ ನೋಡದವರೋ ಕಣ್ಣಿಗೆ ಬೀಳದವರೋ ಗೊತ್ತಾಗುವುದಿಲ್ಲ. 'ಕೇಳದವರು' ಇನ್ನೂ ಕಷ್ಟ. ಕಿವುಡರೂ ಅವರೇ, ಹಟಮಾರಿಗಳೂ ಅವರೇ.

ಅಲ್ಪವಿರಾಮದ ಆಟವೂ ನಮ್ಮಲ್ಲಿ ಇಲ್ಲ. ಇಂಗ್ಲಿಷಿನಲ್ಲಿ 'ಹೂ' ಮುಂದೆ ಅಲ್ಪವಿರಾಮ ಬಿದ್ದರೆ ಬಂದ ಅತಿಥಿಗಳೆಲ್ಲ ಹತ್ತಲಾಗದವರು, ಬೀಳದಿದ್ದರೆ ಕೆಲವರು. 'ಹತ್ತಲಾಗದ ಅತಿಥಿಗಳು' ಅಂದರೆ ನಮ್ಮಲ್ಲಿ ಎರಡೂ ಹೌದು. ಓದುವವನ ವಿವೇಕಕ್ಕೆ ಬಿಟ್ಟದ್ದು.

ಹೆಸರುಗಳ ಕಥೆಯಂತೂ ಬೇಡ. ಅಂಗವಿಕಲ ಹೋಗಿ ವಿಕಲಚೇತನ ಬಂತು, ನಮ್ಮ ರಾಜ್ಯದ ಇಲಾಖೆಯ ಹೆಸರಿನಲ್ಲೂ ಅದೇ ಇದೆ. ಅಂಗ ಊನ ಅನ್ನಬಾರದು ಅಂತ ಚೇತನವೇ ಊನ ಅಂದುಬಿಟ್ಟೆವು! 2015ರ ಡಿಸೆಂಬರಿನಲ್ಲಿ ಪ್ರಧಾನಿ ರೇಡಿಯೋದಲ್ಲಿ ದಿವ್ಯಾಂಗ ಅಂದರು. ಅದು ದೇವರ ಮಟ್ಟಕ್ಕೆ ಏರಿಸಿತು. ನನಗೆ ಮೂರೂ ಬೇಡ. ವೈಕಲ್ಯ ಇರುವವರ ಹಕ್ಕುಗಳ 2016ರ ಕಾಯ್ದೆ ವೈಕಲ್ಯಗಳ ಪಟ್ಟಿಯನ್ನು 7ರಿಂದ 21ಕ್ಕೆ ಹಿಗ್ಗಿಸಿದ್ದು ಎಲ್ಲರಿಗೂ ಗೊತ್ತು. ಅದರ ವ್ಯಾಖ್ಯೆ ಓದಿದವರು ಕಡಿಮೆ. ದೇಹದ ಅಥವಾ ಮನಸ್ಸಿನ ಕೊರತೆಯೊಂದೇ ಅಲ್ಲ, ಆ ಕೊರತೆ ಅಡೆತಡೆಗಳ ಜೊತೆ ಸೇರಿ ಮನುಷ್ಯನನ್ನು ಹಿಂದೆ ಹಿಡಿಯುತ್ತದೆ ಅನ್ನೋದು ಅದರ ಮಾತು. ಅಂದರೆ ಅರ್ಧ ತಪ್ಪು ಮೆಟ್ಟಿಲಿನದ್ದು.

ತುಮಕೂರಿನಿಂದ:

ಮೂರನೇ ಸಾಲಿನ ಬಗ್ಗೆ ಯಾರೂ ಬಾಯಿ ಬಿಡಲಿಲ್ಲ. 'ವೀಲ್‌ಚೇರ್' ಅಂತ ಕನ್ನಡ ಬೋರ್ಡಿನಲ್ಲಿ ಬರೆಯೋದು ನಾಚಿಕೆ. ಉರುಳುಗದ್ದಿಗೆ ಅನ್ನಿ. ಬೆಲ್ ಬೇಡ, ಗಂಟೆ. ಗೆಸ್ಟ್ ಬೇಡ, ನೆಂಟರು. ಎರವಲು ತಂದವನ ಮನೆ ಉದ್ಧಾರ ಆಗಿದ್ದಿಲ್ಲ.

ಸೋಮವಾರಪೇಟೆಯಿಂದ:

ಸ್ವಾಮಿ, ಮಡಿಕೇರಿಯಲ್ಲಿ ಗದ್ದಿಗೆ ಅಂದರೆ ರಾಜರ ಸಮಾಧಿ. ಆಟೋದವನಿಗೆ 'ಗದ್ದಿಗೆ' ಅನ್ನಿ, ಸೀದಾ ಅಲ್ಲೇ ಇಳಿಸುತ್ತಾನೆ. ಕಾಲು ನೋಯುತ್ತದೆ ಅಂತ ಬಂದವರನ್ನು ಉರುಳುಗದ್ದಿಗೆಗೆ ಏರಿಸಿದರೆ ಏನು ಅರ್ಥ?

ತುಮಕೂರಿನಿಂದ:

ಹಾಗಾದರೆ ಗಾಲಿಕುರ್ಚಿ. ತಮಾಷೆ ಸಾಕು.

ಬೆಂಗಳೂರಿನಿಂದ:

ಕುರ್ಚಿ ಅರಬ್ಬಿಯಿಂದ ಬಂದದ್ದು. ಕಾಫಿಯೂ ಅಷ್ಟೇ. ಎರವಲು ಕಿತ್ತುಹಾಕೋದಾದರೆ ಮೊದಲು ಆ ತೋಟವನ್ನೇ ಕೀಳಬೇಕು.

ತುಮಕೂರಿನಿಂದ:

ಕಾಫಿ ಗಿಡ. ಗಿಡಕ್ಕೆ ಹೆಸರು ಜೊತೆಗೇ ಬರುತ್ತದೆ. ಗಾಲಿ ನಮ್ಮಲ್ಲಿ ಮೊದಲೇ ಇತ್ತು. ಇದ್ದದ್ದಕ್ಕೆ ಸಾಲ ಮಾಡೋದು ದಡ್ಡತನ. ಇದಕ್ಕಿಂತ ಹೆಚ್ಚು ಹೇಳಲಾರೆ. (ಮೇಷ್ಟ್ರೇ, ಇಲ್ಲಿ ಒಲ್ಲೆ ಅಂತಲೇ ಅರ್ಥ.)

ಕುಶಾಲನಗರದಿಂದ:

ಸುಮಾರು ದಿನದಿಂದ ಓದುತ್ತೇನೆ, ಬರೆಯೋದು ಕಡಿಮೆ. 11 ವರ್ಷದಿಂದ ವೀಲ್‌ಚೇರಿನಲ್ಲಿ ಓಡಾಡುತ್ತಿದ್ದೇನೆ. ಅದನ್ನು ರಿಪೇರಿ ಮಾಡುವ ಹುಡುಗ ವೀಲ್‌ಚೇರ್ ಅಂತಾನೆ, ನನ್ನ ತಾಯಿ 'ಗಾಡಿ' ಅಂತಾರೆ. ಗಾಲಿಕುರ್ಚಿಯನ್ನು ನಾನು ಕಂಡದ್ದು ಅರ್ಜಿ ಫಾರಂನಲ್ಲಿ ಮಾತ್ರ.

ಆ ಮೂರು ಸಾಲಿನಲ್ಲಿ ನನಗೆ ಸರಿ ಅನಿಸಿದ್ದು ಮೂರನೆಯದೇ. 'ಬಳಸುವವರು' ಅಂದಿದ್ದಾರೆ. ಆಗುವುದಿಲ್ಲ ಅಂತ ಹೇಳಿಲ್ಲ, ಏನು ಮಾಡುತ್ತೇನೆ ಅಂತ ಹೇಳಿದ್ದಾರೆ. ಅಷ್ಟಕ್ಕೂ ನನಗೆ ಮೆಟ್ಟಿಲು 'ಹತ್ತಲಾಗದು' ಅಂತ ಬೋರ್ಡು ತಿಳಿಸಬೇಕೇ? ನನಗೆ ಬೇಕಾದ್ದು ಎಷ್ಟು ಮೆಟ್ಟಿಲು, ಬೇರೆ ದಾರಿ ಎಲ್ಲಿ, ಅಷ್ಟು. ಮಂಡಿ ನೋವಿನ ಅಜ್ಜಿಗೂ ಅದೇ ಬೇಕು. ಆಗುತ್ತದೋ ಇಲ್ಲವೋ ಅವರು ನೋಡಿಕೊಳ್ಳುತ್ತಾರೆ.

ಒಂದು ಪ್ರಶ್ನೆ. ಬೆಲ್ ಎಷ್ಟು ಎತ್ತರದಲ್ಲಿದೆ?

ಮಡಿಕೇರಿಯಿಂದ:

ಕುಶಾಲನಗರದ ಅಣ್ಣಾ, ನಿಮ್ಮ ಪ್ರಶ್ನೆ ಓದಿ ಗೆಳತಿಗೆ ಫೋನ್ ಮಾಡಿದೆ. ಬೆಲ್ ಅಂದರೆ ಹಿತ್ತಾಳೆಯ ಗಂಟೆ, ತುಮಕೂರಿನವರಿಗೆ ಸಂತೋಷ ಆಗಬಹುದು. ಜಗಲಿ ಕಂಬದ ಮೇಲೆ, ಎರಡು ಮೆಟ್ಟಿಲು ಹತ್ತಿದ ಮೇಲೆ, ನನ್ನ ತಲೆಗಿಂತ ಎತ್ತರದಲ್ಲಿ. ಅವಳು ಅರೆಗಳಿಗೆ ಮಾತಾಡಲಿಲ್ಲ. ಆಮೇಲೆ ಗಂಡನನ್ನು ಕೂಗಿ ಸುತ್ತಿಗೆ ತರೋಕೆ ಹೇಳಿದಳು. ಈಗ ಗಂಟೆ ಜೀಪಿನ ದಾರಿ ಬದಿಯ ಹಲಸಿನ ಮರದಲ್ಲಿದೆ. ಅದಕ್ಕೊಂದು ಉದ್ದ ಹಗ್ಗ.

ಬೋರ್ಡು ಹೀಗಾಯಿತು:

ಮೆಟ್ಟಿಲು 64. ಮಳೆಯಲ್ಲಿ ಜಾರುತ್ತದೆ.
ಜೀಪಿನ ದಾರಿ ಎಡಕ್ಕೆ. ಯಾರು ಬೇಕಾದರೂ ಕರೆಯಬಹುದು: ಗಂಟೆ ಎಳೆಯಿರಿ.
ನೀರು ಆಳ, ಸೆಳೆತ ಜಾಸ್ತಿ. ಇಳಿಯಬೇಡಿ.

ಮೂರನೆಯದರಲ್ಲಿ ಈಜು ತೆಗೆದೇಬಿಟ್ಟೆ. ಮಳೆಗಾಲದಲ್ಲಿ ಆ ತೊರೆಗೆ ಈಜು ಬಂದವರೂ ಇಳಿಯಬಾರದು. ವೀಲ್‌ಚೇರೂ ಹೋಯಿತು, ಗಾಲಿಕುರ್ಚಿಯೂ ಹೋಯಿತು. ಮಗನಿಗೆ ಸ್ವಲ್ಪ ಬೇಜಾರು, ಇಂಗ್ಲಿಷ್ ಬೋರ್ಡಿನ ಜೊತೆ ಸಾಲಿಗೆ ಸಾಲು ಕೂರುವುದಿಲ್ಲ ಅಂತ. ಪೇಂಟರ್ 64 ನಿಜವಾ ಅಂತ ಇಳಿದು ಎಣಿಸಿ ಬಂದ. 66 ಅಂತೆ. ಒಣಗುವ ಮೊದಲೇ ತಿದ್ದಿದ.

ಮೈಸೂರಿನಿಂದ, ಮೇಷ್ಟ್ರು:

ಬೋರ್ಡು ಚೆನ್ನಾಗಿದೆ. 'ಹತ್ತಲಾರದವರು' ತಪ್ಪು ಅಂತ ಇಷ್ಟು ಪತ್ರಗಳಲ್ಲಿ ಯಾರೂ ತೋರಿಸಲಿಲ್ಲ, ಅದು ದಾಖಲಾಗಿರಲಿ.