ಎರೆ ಮಣ್ಣಿನಲ್ಲಿ ಸಾ ಪಾಮೆಟ್ಟೊ: ಹೊಸ ಗರಿ ಹಳದಿಯಾಗಿಯೇ ಬಿಚ್ಚಿಕೊಳ್ಳುತ್ತಿದೆ

ತೊಗರಿಹೊಲ, ಕಲಬುರಗಿ:
ಕುಂಡದಲ್ಲಿ ತಂದ ಸಾ ಪಾಮೆಟ್ಟೊ ಎಂಬ ಕುಳ್ಳ ತಾಳೆ ಜಾತಿಯ ಗಿಡವನ್ನು ಎರಡು ವರ್ಷದ ಹಿಂದೆ ಹಿತ್ತಲಿನ ಎರೆ ಮಣ್ಣಿನಲ್ಲಿ ನೆಟ್ಟೆ. ಅಂದಿನಿಂದ ಬಂದಿರುವುದು ಮೂರೇ ಗರಿ. ಹೊಸ ಗರಿ ಹಳದಿ, ನರಗಳು ಮಾತ್ರ ಹಸಿರು. ಹಳೆಯ ಗರಿಗಳು ಚೆನ್ನಾಗಿಯೇ ಇವೆ. ಯೂರಿಯಾ ಹಾಕಿ ನೋಡಿದೆ. ದಿನವೂ ಬೋರ್‌ವೆಲ್ ನೀರು ಬಿಡುತ್ತೇನೆ. ಹಳ್ಳದ ದಂಡೆಯ ಈಚಲು ಯಾರ ಆರೈಕೆಯೂ ಇಲ್ಲದೆ ಸೊಕ್ಕಿ ನಿಂತಿದೆ, ಇದಕ್ಕೇನು ಧಾಡಿ? ಕಿತ್ತು ಬೇರೆಡೆ ನೆಡಲೇ?

ಜಂಬಿಟ್ಟಿಗೆ, ಬೀದರ್:
ಈ ಬಿಸಿಲಿನಲ್ಲಿ ಕೀಳಬೇಡಿ, ಅಣ್ಣಾ. ಯೂರಿಯಾ ನಿಲ್ಲಿಸಿ. ಸಾರಜನಕದ ಕೊರತೆಯಾಗಿದ್ದರೆ ಮೊದಲು ಹಳೆಯ ಗರಿ ಬಿಳುಚುತ್ತಿತ್ತು. ಎಳೆ ಗರಿ ಹಳದಿ, ನರ ಹಸಿರು ಎಂದರೆ ಕಬ್ಬಿಣ ಸಿಗುತ್ತಿಲ್ಲ. ಒಂದು ಹಿಡಿ ಒಣ ಮಣ್ಣಿನ ಮೇಲೆ ವಿನೆಗರ್ ಹನಿಸಿ ನೋಡಿ, ಬುಸುಗುಟ್ಟಿದರೆ ಮಣ್ಣಿನಲ್ಲಿ ಸುಣ್ಣವಿದೆ ಎಂದರ್ಥ.

ಬೆಳವಣಿಗೆ ನಿಧಾನವೆಂದು ಕೊರಗಬೇಡಿ, ಅದು ರೋಗವಲ್ಲ. ಈಚಲಿನ ಹಾಗೆ ಎದ್ದು ನಿಲ್ಲುವ ಜಾತಿಯಲ್ಲ ಇದು. ಕಾಂಡ ಸಾಮಾನ್ಯವಾಗಿ ನೆಲದ ಮೇಲೆ ಮಲಗಿ ವರ್ಷಕ್ಕೆ ಒಂದೆರಡು ಸೆಂಟಿಮೀಟರ್ ತೆವಳುತ್ತದೆ. ಎತ್ತರ ಹೆಚ್ಚೆಂದರೆ ಎರಡು ಮೂರು ಮೀಟರ್. ತವರು ಅಮೆರಿಕದ ಆಗ್ನೇಯ ಕರಾವಳಿ: ದಕ್ಷಿಣ ಕೆರೊಲಿನಾದಿಂದ ಫ್ಲಾರಿಡಾ, ಅಲ್ಲಿಂದ ಪಶ್ಚಿಮಕ್ಕೆ ಲೂಸಿಯಾನಾ. ಪೈನ್ ಮರಗಳ ಕೆಳಗಿನ ಬಡ ಹುಳಿ ಮರಳಿನಲ್ಲಿ ಹಬ್ಬುತ್ತದೆ, ಕಾಡ್ಗಿಚ್ಚು ಗರಿಗಳನ್ನು ಸುಟ್ಟರೂ ಮತ್ತೆ ಚಿಗುರುತ್ತದೆ.

ತೊಗರಿಹೊಲ:
ವಿನೆಗರ್ ಬಿದ್ದದ್ದೇ ತಡ, ಮಣ್ಣು ಸೋಡಾದಂತೆ ಬುಸುಗುಟ್ಟಿತು. ಆದರೆ ದಕ್ಷಿಣ ಫ್ಲಾರಿಡಾದಲ್ಲಿ ಇದು ಸುಣ್ಣಕಲ್ಲಿನ ಮೇಲೂ ಬೆಳೆಯುತ್ತದೆ ಎಂದು ಓದಿದ್ದೇನೆ. ಹಾಗಾದರೆ ಸುಣ್ಣದ್ದೇ ತಪ್ಪೇ?

ಜಂಬಿಟ್ಟಿಗೆ:
ಒಳ್ಳೆಯ ಪ್ರಶ್ನೆ. ಆ ಕಲ್ಲಿನ ಸಂದುಗಳಲ್ಲಿ ಬೇರಿಗೆ ಗಾಳಿ ಸಿಗುತ್ತದೆ. ನಿಮ್ಮಲ್ಲಿ ಸುಣ್ಣದ ಜೊತೆಗೆ ಜಿಗುಟು, ಅದರ ಮೇಲೆ ದಿನವೂ ಗಡಸು ನೀರು. ಹಸಿಯಾಗಿಯೇ ಇರುವ ಸುಣ್ಣದ ಮಣ್ಣಿನಲ್ಲಿ ಕಬ್ಬಿಣವಿದ್ದರೂ ಬೇರಿಗೆ ದಕ್ಕುವುದಿಲ್ಲ. ಮೇಲಿನ ನಾಲ್ಕು ಬೆರಳು ಮಣ್ಣು ಒಣಗಿದ ಮೇಲೆ ನೀರು ಕೊಡಿ. ಬಿರುಕು ಬಿಡುವಷ್ಟು ಒಣಗಿಸಬೇಡಿ, ಎರೆ ಬಾಯಿಬಿಟ್ಟರೆ ಬೇರು ಹರಿಯುತ್ತದೆ. ಗೊಬ್ಬರದ ಅಂಗಡಿಯಲ್ಲಿ ಸುಣ್ಣದ ಮಣ್ಣಿನಲ್ಲೂ ಬೇರಿಗೆ ದಕ್ಕುವ ಇಡಿಡಿಎಚ್‌ಎ ಕಬ್ಬಿಣ ಕೇಳಿ; ನೀರಿಗೆ ಹಾಕಿದರೆ ಕಡುಗೆಂಪಾಗುತ್ತದೆ. ಅಗ್ಗದ ಇಡಿಟಿಎ ಕಬ್ಬಿಣ ಈ ಮಣ್ಣಿನಲ್ಲಿ ನಿಲ್ಲುವುದಿಲ್ಲ.

ಮಳೆ ಹಿಡಿದ ಮೇಲೆ ಹೆಂಟೆಯ ಸಮೇತ ಎತ್ತಿ, ತಳಕ್ಕೆ ತೂತು ಹಾಕಿದ ಪ್ಲಾಸ್ಟಿಕ್ ಡ್ರಮ್ಮಿಗೆ ಹಾಕಿ. ಮೂರು ಪಾಲು ಮರಳು, ಒಂದು ಪಾಲು ತೆಂಗಿನ ನಾರಿನ ಪುಡಿ. ಸಿಮೆಂಟ್ ತೊಟ್ಟಿ ಬೇಡ, ಅದೂ ಸುಣ್ಣವನ್ನೇ ಬಿಡುತ್ತದೆ. ಸುಳಿಯನ್ನು ಹೂಳಬೇಡಿ. ದಪ್ಪ ಕೈಗವಸು ಇರಲಿ: ಗರಿಯ ತೊಟ್ಟಿನ ಎರಡೂ ಅಂಚಿಗೆ ಗರಗಸದ ಹಲ್ಲುಗಳಿವೆ, ಹೆಸರಿನ ಇಂಗ್ಲಿಷ್ ‘ಸಾ’ ಅದೇ.

ತೊಗರಿಹೊಲ:
ಸರಿ. ನಿಜ ಹೇಳಬೇಕೆಂದರೆ, ನೆಟ್ಟದ್ದು ಅಪ್ಪನ ಪ್ರಾಸ್ಟೇಟ್ ತೊಂದರೆಗೆ ಹಣ್ಣು ಸಿಗಲಿ ಎಂದು.

ಜಂಬಿಟ್ಟಿಗೆ:
ಹಣ್ಣಿಗೆ ಹಲವು ವರ್ಷ ಕಾಯಬೇಕು. ಅದೂ ಅಲ್ಲದೆ, ಇದರ ಸಾರ ಔಷಧವಿಲ್ಲದ ಹುಸಿ ಗುಳಿಗೆಗಿಂತ ಮೇಲಲ್ಲವೆಂದು ಅಮೆರಿಕದಲ್ಲಿ 2006 ಮತ್ತು 2011ರಲ್ಲಿ ಪ್ರಕಟವಾದ ಎರಡು ದೊಡ್ಡ ಪರೀಕ್ಷೆಗಳಲ್ಲಿ ಕಂಡುಬಂತು. ಅಪ್ಪನವರನ್ನು ಈ ವಾರವೇ ಮೂತ್ರರೋಗ ತಜ್ಞರಿಗೆ ತೋರಿಸಿ. ಹಳದಿಯಾದ ಗರಿ ಹಸಿರಾಯಿತೇ ಎಂದು ದಿನವೂ ನೋಡಬೇಡಿ. ಇನ್ನು ಮುಂದೆ ಬರುವ ಗರಿಯ ಬಣ್ಣ ನನಗೆ ತಿಳಿಸಿ.